ರಸ್ತೆ ತುಂಬಿದೆ, ಮಳಿಗೆ ಖಾಲಿ: ಏಕೆ?



ಬೆಳೆಯುತ್ತಿರುವ ಪೇಟೆಗಳಲ್ಲಿ ನೀವು ಎರಡು ದೃಶ್ಯಗಳನ್ನು ನೋಡಿರುತ್ತೀರಿ. ಮುಖ್ಯ ರಸ್ತೆಯ ಎರಡೂ ಬದಿ ವಾಹನಗಳು ನಿಂತು, ಬಸ್ಸು ಮುಂದೆ ಹೋಗಲಾಗದೆ ಹಾರನ್ ಹಾಕುತ್ತಿರುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಒಂದು ವಾಣಿಜ್ಯ ಸಂಕೀರ್ಣ. ಅದರ ಮಹಡಿಯ ಮಳಿಗೆಗಳಿಗೆ ಬೀಗ, ‘ಬಾಡಿಗೆಗೆ ಇದೆ’ ಎಂಬ ಫಲಕ. ಮೊದಲನೆಯದನ್ನು ಪೊಲೀಸರ ಸಮಸ್ಯೆ ಎಂದೂ ಎರಡನೆಯದನ್ನು ವ್ಯಾಪಾರಿಗಳ ಸಮಸ್ಯೆ ಎಂದೂ ನಾವು ಬೇರೆಯಾಗಿ ಎಣಿಸುತ್ತೇವೆ. ವಾಸ್ತವವಾಗಿ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಜನ ಎಲ್ಲಿಂದ ಬರುತ್ತಾರೆ, ಹೇಗೆ ಬರುತ್ತಾರೆ, ಎಲ್ಲಿ ಇಳಿದು ಎಲ್ಲಿಗೆ ನಡೆಯುತ್ತಾರೆ ಎಂಬುದೇ ಆ ಪ್ರಶ್ನೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರಗಳನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಪೇಟೆ ಚಿಕ್ಕದು, ಹೊರೆ ದೊಡ್ಡದು

ಈ ಮೂರೂ ತಾಲ್ಲೂಕು ಕೇಂದ್ರಗಳು. ಮೂರರಲ್ಲೂ ಪಟ್ಟಣ ಪಂಚಾಯಿತಿಗಳಿವೆ. 2011ರ ಜನಗಣತಿಯಲ್ಲಿ ಇವುಗಳಲ್ಲಿ ಒಂದೂ ಹತ್ತು ಸಾವಿರ ಜನಸಂಖ್ಯೆಯನ್ನು ಮುಟ್ಟಿರಲಿಲ್ಲ. ಹಾಗಾದರೆ ಇಷ್ಟೊಂದು ವಾಹನಗಳು ಎಲ್ಲಿಂದ ಬಂದವು?

ಮಲೆನಾಡಿನಲ್ಲಿ ಮನೆಗಳು ಬಯಲುಸೀಮೆಯಂತೆ ಒತ್ತೊತ್ತಾಗಿಲ್ಲ. ಅಡಿಕೆ ತೋಟ, ಗದ್ದೆ, ಗುಡ್ಡಗಳ ನಡುವೆ ಒಂದೊಂದು ಕಡೆ ಒಂದೊಂದು ಮನೆ. ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿ, ಕಾಲೇಜು, ಗೊಬ್ಬರದ ಅಂಗಡಿ ಎಲ್ಲಕ್ಕೂ ಪೇಟೆಗೇ ಬರಬೇಕು. ಆದ್ದರಿಂದ ಪೇಟೆಯ ರಸ್ತೆ ಪೇಟೆಯವರಿಗಷ್ಟೇ ಅಲ್ಲ, ಇಡೀ ತಾಲ್ಲೂಕಿಗೆ ಸೇರಿದ್ದು. ಶೃಂಗೇರಿಗಂತೂ ಶಾರದಾ ಪೀಠದ ದರ್ಶನಕ್ಕೆ ನಾಡಿನ ಎಲ್ಲ ಕಡೆಯಿಂದ ಯಾತ್ರಿಕರು ಬರುತ್ತಾರೆ. ಜೊತೆಗೆ ಶಿವಮೊಗ್ಗ ಮತ್ತು ಮಂಗಳೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 169 ಶೃಂಗೇರಿಯನ್ನು ಹಾದುಹೋಗುತ್ತದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಕಿರುಹಳಿಯ ರೈಲು ಓಡುತ್ತಿತ್ತು. ಇಂದು ಈ ಮೂರು ಪೇಟೆಗಳಲ್ಲಿ ಯಾವುದಕ್ಕೂ ರೈಲಿಲ್ಲ. ಜನ, ಸರಕು ಎಲ್ಲದರ ಭಾರವೂ ರಸ್ತೆಯ ಮೇಲೆಯೇ.

ರಸ್ತೆಯ ಸಾಮರ್ಥ್ಯವನ್ನು ಅಳೆಯುವ ಬಗೆ

ಪಾತ್ರೆಗೆ ಅಳತೆ ಇರುವಂತೆ ರಸ್ತೆಗೂ ಇದೆ. ಎಲ್ಲ ವಾಹನಗಳೂ ಒಂದೇ ಗಾತ್ರದವಲ್ಲವಾದ್ದರಿಂದ ಎಂಜಿನಿಯರುಗಳು ಕಾರನ್ನು ಮೂಲಮಾನವಾಗಿ ಇಟ್ಟುಕೊಳ್ಳುತ್ತಾರೆ. ಊರ ಹೊರಗಿನ ರಸ್ತೆಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಒಂದು ಕಾರು 1 ಮಾನ, ಸ್ಕೂಟರು ಅಥವಾ ಬೈಕು ಅರ್ಧ ಮಾನ, ಬಸ್ಸು ಅಥವಾ ಲಾರಿ 3 ಮಾನ, ಎತ್ತಿನ ಗಾಡಿ 8 ಮಾನ. ನಿಧಾನವಾಗಿ ಚಲಿಸುವುದು ರಸ್ತೆಯನ್ನು ಹೆಚ್ಚು ಹೊತ್ತು ಆಕ್ರಮಿಸುತ್ತದೆ ಎಂಬುದನ್ನು ಗಮನಿಸಿ.

ಅದೇ ಮಾರ್ಗಸೂಚಿಯ ಪ್ರಕಾರ ತಿರುವು ಕಡಿಮೆ ಇರುವ ಎರಡು ಪಥದ ರಸ್ತೆ ಬಯಲು ಪ್ರದೇಶದಲ್ಲಿ ದಿನಕ್ಕೆ 15,000 ಮಾನದಷ್ಟು ವಾಹನಗಳನ್ನು ತಡೆದುಕೊಂಡರೆ, ಗುಡ್ಡಗಾಡಿನಲ್ಲಿ 7,000 ಮಾತ್ರ. ತಿರುವುಗಳು ಹೆಚ್ಚಿದ್ದರೆ 5,000. ಅಂದರೆ ಬಯಲುಸೀಮೆಯ ರಸ್ತೆ ಹೊರುವ ಭಾರದ ಅರ್ಧವನ್ನೂ ಮಲೆನಾಡಿನ ರಸ್ತೆ ಹೊರಲಾರದು. ಪೇಟೆಯೊಳಗೆ ಅಂಕಿಗಳು ಬೇರೆಯಾಗುತ್ತವೆ, ತತ್ವ ಮಾತ್ರ ಇದೇ.

ಈಗ ಒಂದು ಲೆಕ್ಕ ಮಾಡಿ. ಐವತ್ತು ಜನ ಒಂದು ಬಸ್ಸಿನಲ್ಲಿ ಬಂದರೆ ರಸ್ತೆಗೆ 3 ಮಾನದ ಭಾರ. ಅವರೇ ನಾಲ್ಕು ನಾಲ್ಕು ಜನರಂತೆ ಕಾರಿನಲ್ಲಿ ಬಂದರೆ 13 ಕಾರು, 13 ಮಾನ. ಇಬ್ಬಿಬ್ಬರಂತೆ ಬೈಕಿನಲ್ಲಿ ಬಂದರೆ 25 ಬೈಕು, ಹನ್ನೆರಡೂವರೆ ಮಾನ. ಬಂದವರ ಸಂಖ್ಯೆ ಹೆಚ್ಚದಿದ್ದರೂ ಭಾರ ನಾಲ್ಕು ಪಟ್ಟಿಗಿಂತ ಹೆಚ್ಚಾಯಿತು!

ಇದು ಕೇವಲ ಪುಸ್ತಕದ ಲೆಕ್ಕವಲ್ಲ. ಕೊಪ್ಪದಲ್ಲಿ 1991ರಲ್ಲಿ ಸಾರಿಗೆ ಕಾರ್ಮಿಕರೇ ಸೇರಿ ಕಟ್ಟಿದ ‘ಸಹಕಾರ ಸಾರಿಗೆ’ ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳಿಗೆ ಬಸ್ಸು ಓಡಿಸಿ ನಾಡಿನ ಗಮನ ಸೆಳೆದಿತ್ತು. 2020ರ ಫೆಬ್ರವರಿಯಲ್ಲಿ ಅದು ಓಡಾಟ ನಿಲ್ಲಿಸಿತು. ಬಸ್ಸು ನಿಂತ ದಾರಿಯಲ್ಲಿ ಜನರ ಓಡಾಟ ನಿಲ್ಲುವುದಿಲ್ಲ. ಸಾಲ ಮಾಡಿಯಾದರೂ ಒಂದು ಬೈಕು ಕೊಳ್ಳಲೇಬೇಕಾಗುತ್ತದೆ. ಕೊಳ್ಳಲಾರದವರು, ಅದರಲ್ಲೂ ವಿದ್ಯಾರ್ಥಿಗಳು ಮತ್ತು ವಯಸ್ಸಾದವರು, ದಾರಿಯಲ್ಲಿ ಕಾಯುತ್ತಾರೆ. ಬಸ್ಸಿನ ವ್ಯವಸ್ಥೆಯೂ ರಸ್ತೆ ಯೋಜನೆಯ ಭಾಗವೇ.

ನಿಂತ ವಾಹನದ ಬೆಲೆ

ಏಳು ಮೀಟರ್ ಅಗಲದ ರಸ್ತೆಯಲ್ಲಿ ಎರಡು ಬಸ್ಸುಗಳು ಎದುರುಬದುರಾಗಿ ಹಾದುಹೋಗಬಹುದು. ಎರಡೂ ಬದಿಯಲ್ಲಿ ಕಾರು ನಿಂತರೆ ಸುಮಾರು ನಾಲ್ಕು ಮೀಟರ್ ಹೋಯಿತು. ಉಳಿದದ್ದು ಮೂರು. ಬಸ್ಸಿನ ಅಗಲವೇ ಸುಮಾರು ಎರಡೂವರೆ ಮೀಟರ್. ಎರಡು ಪಥದ ರಸ್ತೆ ಒಂದೇ ಪಥವಾಯಿತು. ಚರಂಡಿಯ ಚಪ್ಪಡಿಯ ಮೇಲೆ ನಡೆಯುತ್ತಿದ್ದವರು ಮಳೆಗಾಲದಲ್ಲಿ ವಾಹನಗಳ ನಡುವೆ ಇಳಿಯಬೇಕಾಯಿತು. ಪಾದಚಾರಿ ಮಾರ್ಗ ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೇಳಿದೆ. ನಿಮ್ಮ ಪೇಟೆಯಲ್ಲಿ ಅದನ್ನು ಅಳೆದು ನೋಡಿ.

ವಾಹನ ದಟ್ಟಣೆಗೆ ಬೈಪಾಸ್ ಒಂದೇ ಮದ್ದು ಎನ್ನುವವರಿದ್ದಾರೆ. ಬೈಪಾಸ್ ನೆರವಾಗುವುದು ಊರನ್ನು ದಾಟಿ ಮುಂದೆ ಹೋಗುವ ವಾಹನಗಳಿಗೆ. ಊರಿಗೇ ಬರುವ ವಾಹನಕ್ಕೆ ಬೇಕಾದದ್ದು ನಿಲ್ಲಲು ಜಾಗ. ದರ್ಶನಕ್ಕೆಂದು ಶೃಂಗೇರಿಗೆ ಬಂದ ಕಾರನ್ನು ಯಾವ ಬೈಪಾಸೂ ತಪ್ಪಿಸಲಾರದು. ಅಲ್ಲಿ ವಾಹನ ನಿಲ್ಲಿಸುವ ಗಾಂಧಿ ಮೈದಾನ ತುಂಗೆಯ ದಡದಲ್ಲಿದೆ. ಹೊಳೆ ಏರಿದಾಗ ಮೈದಾನಕ್ಕೆ ನೀರು ನುಗ್ಗುತ್ತದೆ. ಬಯಲುಸೀಮೆಯ ನಕ್ಷೆಯನ್ನು ತಂದು ಮಲೆನಾಡಿನಲ್ಲಿ ಹಾಸಲಾಗದು ಎಂಬುದಕ್ಕೆ ಇದೊಂದು ಉದಾಹರಣೆ.

ಮಳಿಗೆ ಖಾಲಿ ಉಳಿಯುವುದೇಕೆ?

ಕೇಂದ್ರ ಸರ್ಕಾರ 1979–80ರಲ್ಲಿ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. 2005ರಲ್ಲಿ ಅದು ಬೇರೊಂದು ಯೋಜನೆಯಲ್ಲಿ ವಿಲೀನವಾಯಿತು. ಇಂಥ ನೆರವಿನಿಂದ ನಮ್ಮ ರಾಜ್ಯದ ಅನೇಕ ಪಟ್ಟಣಗಳಲ್ಲಿ ವಾಣಿಜ್ಯ ಸಂಕೀರ್ಣಗಳು ಎದ್ದವು. ಬಾಡಿಗೆಯಿಂದ ಪಟ್ಟಣಕ್ಕೆ ಆದಾಯ ಬರಲಿ ಎಂಬುದು ಸದುದ್ದೇಶವೇ. ಆದರೆ ಗಿರಾಕಿ ನಕ್ಷೆ ನೋಡಿ ನಡೆಯುವುದಿಲ್ಲ. ಬಸ್ಸಿನಿಂದ ಇಳಿದವನು ಮನೆಗೆ ಹೋಗುವ ಬಸ್ಸು ಹಿಡಿಯುವಷ್ಟರಲ್ಲಿ ದಾರಿಯಲ್ಲೇ ಸಿಗುವ ಅಂಗಡಿಗೆ ಹೋಗುತ್ತಾನೆ. ಮೆಟ್ಟಿಲು ಹತ್ತಬೇಕಾದ, ನಿಲ್ದಾಣದಿಂದ ದೂರವಾದ, ವಾಹನ ನಿಲ್ಲಿಸಲು ಜಾಗವಿಲ್ಲದ ಮಳಿಗೆಗೆ ಅವನು ಹೋಗುವುದು ಅಪರೂಪ.

ಇನ್ನೂ ಎರಡು ಕಾರಣಗಳಿವೆ. ಹರಾಜಿನ ಪೈಪೋಟಿಯಲ್ಲಿ ಠೇವಣಿ ಮತ್ತು ಬಾಡಿಗೆ ಏರಿ, ಹೊಸದಾಗಿ ಅಂಗಡಿ ತೆರೆಯುವ ಯುವಕನ ಕೈಗೆ ಎಟುಕದಾಗುತ್ತದೆ. ಮತ್ತೊಂದು, ಅಡಿಕೆ, ಕಾಫಿಯ ಧಾರಣೆ ಕುಸಿದ ವರ್ಷ ಪೇಟೆಯ ವ್ಯಾಪಾರವೂ ಕುಸಿಯುತ್ತದೆ. ಮೊಬೈಲಿನಲ್ಲೇ ಸಾಮಾನು ತರಿಸುವ ಅಭ್ಯಾಸವೂ ಈಗ ಜೊತೆಗೂಡಿದೆ. ಖಾಲಿ ಮಳಿಗೆ ಎಂದರೆ ಸಾರ್ವಜನಿಕರ ಹಣ ದುಡಿಯದೆ ಕುಳಿತಿದೆ ಎಂದೇ ಅರ್ಥ. ಅದೇ ಹೊತ್ತಿಗೆ ಮುಖ್ಯ ರಸ್ತೆಯ ಅಂಗಡಿಗಳ ಮುಂದೆ ನೂಕುನುಗ್ಗಲು ಹೆಚ್ಚುತ್ತದೆ. ಕಟ್ಟಡವನ್ನು ಜನರ ಕಾಲುದಾರಿಯಿಂದ ದೂರ ಕಟ್ಟಿದಾಗ ರಸ್ತೆ, ಮಳಿಗೆ ಎರಡೂ ಕೆಡುತ್ತವೆ.

ದಾರಿ ಯಾವುದು?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1961ರದು. ಅದರಂತೆ ಮಹಾಯೋಜನೆ ಸಿದ್ಧಪಡಿಸುವಾಗ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿತು. ಅದರ ಮೊದಲನೆಯ ವಿಷಯವೇ ನಗರ ಯೋಜನೆ. ಬೀದಿ ಬದಿ ವ್ಯಾಪಾರಿಗಳಿಗೂ 2014ರ ಕಾಯಿದೆ ರಕ್ಷಣೆ ನೀಡಿದೆ. ಆದ್ದರಿಂದ ಅವರನ್ನು ಎಬ್ಬಿಸುವುದಕ್ಕೆ ಮೊದಲು ಜಾಗ ಗುರುತಿಸಬೇಕು. ಕಾನೂನಿದೆ, ಅದಕ್ಕೆ ಸ್ಥಳೀಯ ಮಾಹಿತಿಯ ಬಲ ಬೇಕು. ಆ ಮಾಹಿತಿಯನ್ನು ನೀವೂ ಒದಗಿಸಬಹುದು.

ನಾಲ್ಕು ಗೆಳೆಯರು ಸೇರಿ, ಉಪಾಧ್ಯಾಯರ ಅನುಮತಿ ಪಡೆದು, ಸುರಕ್ಷಿತವಾದ ಜಾಗದಲ್ಲಿ ಕುಳಿತು ಸಂತೆಯ ದಿನ ಒಂದು ಗಂಟೆ, ಬೇರೊಂದು ದಿನ ಒಂದು ಗಂಟೆ ವಾಹನಗಳನ್ನು ಎಣಿಸಿ. ಮೇಲೆ ಹೇಳಿದ ಮಾನಕ್ಕೆ ಪರಿವರ್ತಿಸಿ. ಬಳಿಕ ಬಸ್ ನಿಲ್ದಾಣದಿಂದ ಪ್ರತಿ ಖಾಲಿ ಮಳಿಗೆಗೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು ಎಂದು ಬರೆದುಕೊಳ್ಳಿ. ತುಂಬಿರುವ ಮಳಿಗೆಗಳದ್ದನ್ನೂ ಬರೆಯಿರಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ನೀವು ಕಂಡದ್ದನ್ನು ಪಟ್ಟಣ ಪಂಚಾಯಿತಿಗೆ ತಿಳಿಸಿ. ಮುಂದಿನ ಕಟ್ಟಡಕ್ಕೆ ಅಡಿಗಲ್ಲು ಹಾಕುವ ಮೊದಲು ಅಂಥ ಒಂದು ಪಟ್ಟಿ ಮೇಜಿನ ಮೇಲಿದ್ದರೆ ಪೇಟೆಯ ಎಷ್ಟೋ ಹಣ ಉಳಿದೀತು.