ಹಾಡಿಯವರೆಗಿನ ಹಾದಿ

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಸಿಡುಬಿಗೆ ಕಂಡುಹಿಡಿದ ದಾಕು, ಶೀತಯಂತ್ರಗಳಿಲ್ಲದ ಆ ಕಾಲದಲ್ಲಿ, ಒಬ್ಬರ ತೋಳಿನ ಬೊಕ್ಕೆಯ ರಸವನ್ನು ಮತ್ತೊಬ್ಬರ ತೋಳಿಗೆ ಸೇರಿಸುವ ಕ್ರಮದಿಂದ ದೇಶದೇಶಗಳನ್ನು ದಾಟಿ 1802ರಲ್ಲಿ ಮುಂಬಯಿಯನ್ನು ಮುಟ್ಟಿತು. ಆ ಬಳಿಕ ಅದು ಮೈಸೂರಿನ ಅರಮನೆಯನ್ನು ಹೊಗಲು ಬಹುಕಾಲ ಹಿಡಿಯಲಿಲ್ಲ. ತಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವ ತರುಣಿಯು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ, ಆಕೆ ತೋರುತ್ತಿರುವುದು ದಾಕಿನ ಗುರುತನ್ನೆಂದೂ ಇತಿಹಾಸಜ್ಞ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ.

ಅರಮನೆಗೆ ಬಂದ ಹಾದಿಗಿಂತಲೂ, ಅಲ್ಲಿಂದ ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿಗಳ ಹಾಡಿಗೆ ಹೋಗುವ ಹಾದಿಯೇ ದುರ್ಗಮವೆಂದು ನನಗೆ ತೋರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 1974ರಲ್ಲಿ ಆರಂಭಿಸಿದ ಲಸಿಕಾ ಕಾರ್ಯಕ್ರಮವು ಐವತ್ತು ವರ್ಷಗಳಲ್ಲಿ ಸುಮಾರು 15.4 ಕೋಟಿ ಜೀವಗಳನ್ನುಳಿಸಿತೆಂಬುದು ತಜ್ಞರ ಗಣನೆ. ಆದರೂ 2024ರಲ್ಲಿ ಒಂದು ಲಸಿಕೆಯನ್ನೂ ಪಡೆಯದ ಶಿಶುಗಳು ಲೋಕದಲ್ಲಿ 1.4 ಕೋಟಿಗೂ ಮಿಕ್ಕಿದ್ದುವು.

ಉಳಿದವರು ಕೆಲವರೇ ಅಲ್ಲವೆ ಎಂದು ಸಮಾಧಾನಪಡುವಂತಿಲ್ಲ. ದಡಾರದ ವಿಷಾಣುವು, ನಿರೋಧಶಕ್ತಿಯಿಲ್ಲದ ಜನರ ನಡುವೆ, ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡಬಲ್ಲುದು; ಹದಿನೈದು ಮಂದಿಗೆಂದು ಇಟ್ಟುಕೊಂಡರೆ, ಅವರಲ್ಲಿ ಹದಿನಾಲ್ವರು ರಕ್ಷಿತರಾಗಿದ್ದರೂ ಒಬ್ಬನಿಂದ ಒಬ್ಬನಿಗೆ ದಾಟುತ್ತ ರೋಗವು ಜೀವ ಹಿಡಿದಿರುತ್ತದೆ. ಆದಕಾರಣವೇ ನೂರಕ್ಕೆ 95 ಮಕ್ಕಳಿಗಾದರೂ ಎರಡು ಡೋಸುಗಳೂ ಸಲ್ಲಬೇಕೆಂಬ ನಿಯಮ. ತಾಲ್ಲೂಕಿನ ಒಟ್ಟು ಲೆಕ್ಕವು ಅಷ್ಟಿದ್ದರೂ, ಬಿಟ್ಟುಹೋದವರೆಲ್ಲ ಒಂದೇ ಹಾಡಿಯಲ್ಲಿ ಕೂಡಿದ್ದರೆ, ಹುಲ್ಲಿನ ಮೆದೆಗೆ ಕಿಡಿ ತಾಕಿದಂತೆ ಅಲ್ಲಿ ರೋಗವು ಹಬ್ಬುವುದು. ಸರಾಸರಿಯು ಈ ಅಪಾಯವನ್ನು ಮರೆಮಾಡುತ್ತದೆ.

ಕೃಷ್ಣರಾಜನಗರದ ಬಯಲಿನ, ನಾಲೆಯ ಬದಿಯ ಊರುಗಳಿಗೆ ಲಸಿಕೆಯನ್ನೊಯ್ಯುವುದು ಸುಲಭ. ಆದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಾಗರಹೊಳೆಯಂಚಿನಲ್ಲಿ ಜೇನುಕುರುಬರ, ಕಾಡುಕುರುಬರ, ಯರವರ ಹಾಡಿಗಳು ಚದುರಿವೆ. ಅಲ್ಲಿಗೆ ಆರೋಗ್ಯ ಸಹಾಯಕಿಯರು ಹೊತ್ತೊಯ್ಯುವ ಡಬ್ಬಿಯೊಳಗೆ 2ರಿಂದ 8 ಡಿಗ್ರಿಯ ತಂಪು ಕೆಡದಿರಬೇಕು: ದಡಾರದ ಲಸಿಕೆಗೆ ಬಿಸಿಲು ವೈರಿ, ಕಲಸಿದ ಮೇಲೆ ನಾಲ್ಕೇ ಗಂಟೆ ಅದರ ಆಯುಸ್ಸು, ಪೆಂಟಾವೇಲೆಂಟ್ ಲಸಿಕೆಯಾದರೋ ಹೆಪ್ಪುಗಟ್ಟಿದರೆ ತನ್ನೊಳಗಿನ ಅಲ್ಯುಮಿನಿಯಂ ಲವಣ ಗಂಟಾಗಿ ಸತ್ತ್ವವನ್ನು ಕಳೆದುಕೊಳ್ಳುತ್ತದೆ.

ಮಂಜುಗಡ್ಡೆಯಿಂದ ಗೆಲ್ಲಲಾಗದ ತೊಡಕೆಂದರೆ ವಲಸೆ. ಕಾಫಿ ಕೊಯ್ಲಿನ ಕಾಲಕ್ಕೆ ಹಾಡಿಯ ಅನೇಕ ಕುಟುಂಬಗಳು ಕೊಡಗಿನ ತೋಟಗಳಿಗೆ ಹೊರಡುತ್ತವೆ. ಒಂಬತ್ತು ತಿಂಗಳು ತುಂಬಿ ದಡಾರದ ಮೊದಲ ಡೋಸಿಗೆ ಅರ್ಹವಾದ ಮಗು ಆಗ ಯಾವುದೋ ಲೈನ್ ಮನೆಯಲ್ಲಿರುತ್ತದೆ. ಹಾಕಿಸಿದ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡು ಜೊತೆಯಲ್ಲಿದ್ದರೆ ಯಾವ ಸರಕಾರಿ ಆರೋಗ್ಯ ಕೇಂದ್ರದಲ್ಲಾದರೂ ಬಾಕಿಯಿರುವುದನ್ನು ಹಾಕಿಸಬಹುದು. ತಪ್ಪಿದ ಡೋಸನ್ನು ಐದು ವರ್ಷ ತುಂಬುವವರೆಗೂ ಕೊಡಬಹುದಾದ್ದರಿಂದ, ಕೊಯ್ಲು ಮುಗಿದು ಜನ ಮರಳಿದೊಡನೆ ಆಶಾ ಕಾರ್ಯಕರ್ತೆಯರು ಮನೆಮನೆಯ ಪಟ್ಟಿಯನ್ನು ಹೊಸತಾಗಿ ಬರೆದು, ಬಿಟ್ಟುಹೋದ ಆ ಮಗುವನ್ನು ಹೆಸರು ಹಿಡಿದು ಹುಡುಕಬೇಕಾಗಿದೆ.