ಗ್ರಂಥಾಲಯ ವಿಜ್ಞಾನ: ವಿಶ್ವವಿದ್ಯಾಲಯದ ಪಾಠಕ್ರಮವೂ ಅದರ ಧ್ಯೇಯವೂ

ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಿಡುವುದಕ್ಕೂ ಒಂದು ವಿಜ್ಞಾನ ಬೇಕೆ? ಬೇಕೆಂದರೂ ಅದಕ್ಕೆ ವಿಶ್ವವಿದ್ಯಾಲಯದ ಪದವಿಯೇ ಆಗಬೇಕೆ? ಗ್ರಂಥಾಲಯ ವಿಜ್ಞಾನವೆಂಬ ಹೆಸರನ್ನು ಕೇಳಿದೊಡನೆ ಅನೇಕರ ಮನಸ್ಸಿನಲ್ಲಿ ಈ ಸಂದೇಹ ಮೂಡುವುದು ಸಹಜ. ಶರಣ ಸಾಹಿತ್ಯದ ಒಂದು ನಿದರ್ಶನದಿಂದಲೇ ಇದಕ್ಕೆ ಉತ್ತರ ಕಂಡುಕೊಳ್ಳಬಹುದು.

ಒಬ್ಬ ವಿದ್ಯಾರ್ಥಿಯು ಗ್ರಂಥಾಲಯಕ್ಕೆ ಬಂದು ‘ಶೂನ್ಯಸಂಪಾದನೆ’ ಬೇಕೆಂದು ಕೇಳುತ್ತಾನೆ ಎನ್ನೋಣ. ಆ ಹೆಸರಿನ ಕೃತಿ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಅದನ್ನು ಬೇರೆ ಬೇರೆಯಾಗಿ ಸಂಪಾದಿಸಿದ್ದಾರೆ. ಪ್ರಸಂಗಗಳಲ್ಲಿ, ಅವುಗಳ ಕ್ರಮದಲ್ಲಿ, ವಚನಗಳ ಆಯ್ಕೆಯಲ್ಲಿ ವ್ಯತ್ಯಾಸಗಳಿವೆ. ಇದನ್ನು ಅರಿಯದವನು ಕೈಗೆ ಸಿಕ್ಕ ಸಂಪುಟವನ್ನು ಕೊಟ್ಟು ಕಳುಹಿಸುತ್ತಾನೆ. ಒಬ್ಬರ ಮಾತನ್ನು ಮತ್ತೊಬ್ಬರದೆಂದು ನಂಬಿ ವಿದ್ಯಾರ್ಥಿಯು ಪ್ರಬಂಧ ಬರೆಯುತ್ತಾನೆ. ಅರಿತವನಾದರೋ, ಯಾರ ಸಂಪಾದನೆ, ಯಾವ ಮುದ್ರಣ ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯನ್ನು ಕೇಳಬಲ್ಲವನನ್ನು ಸಿದ್ಧಗೊಳಿಸುವುದೇ ಈ ಪಾಠಕ್ರಮದ ಉದ್ದೇಶ.

ಈ ಶಿಕ್ಷಣದ ಇತಿಹಾಸ ಬಹು ಹಳೆಯದಲ್ಲ. ದಶಮಾಂಶ ವರ್ಗೀಕರಣವನ್ನು 1876ರಲ್ಲಿ ಪ್ರಕಟಿಸಿದ ಮೆಲ್ವಿಲ್ ಡ್ಯೂಯಿಯವರು 1887ರಲ್ಲಿ ಅಮೆರಿಕದ ಕೊಲಂಬಿಯದಲ್ಲಿ ಮೊದಲ ಗ್ರಂಥಾಲಯ ಶಾಲೆಯನ್ನು ತೆರೆದರು. ನಮ್ಮ ದೇಶದಲ್ಲಿ 1911ರಲ್ಲಿ ಬರೋಡೆಯಲ್ಲಿಯೂ 1915ರಲ್ಲಿ ಲಾಹೋರಿನ ಪಂಜಾಬ ವಿಶ್ವವಿದ್ಯಾಲಯದಲ್ಲಿಯೂ ಅಮೆರಿಕದ ತಜ್ಞರಿಂದ ತರಬೇತಿ ಆರಂಭವಾಯಿತು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಡಾ. ಎಸ್. ಆರ್. ರಂಗನಾಥನ್ ಅವರು ಈ ವಿದ್ಯೆಗೆ ಭಾರತೀಯ ತಳಹದಿಯನ್ನು ಹಾಕಿದರು. 1929ರಲ್ಲಿ ಮದ್ರಾಸಿನಲ್ಲಿ ಶಿಕ್ಷಣ ಆರಂಭವಾಯಿತು. 1931ರಲ್ಲಿ ಅವರ ಪಂಚಸೂತ್ರಗಳ ಗ್ರಂಥವೂ 1933ರಲ್ಲಿ ದ್ವಿಬಿಂದು ವರ್ಗೀಕರಣವೂ ಹೊರಬಂದವು. ಅವರ ಮುಂದಾಳುತನದಲ್ಲಿ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವು ಸ್ಥಾಪಿತವಾಯಿತು. 1972ರಲ್ಲಿ ಅವರು ದಿವಂಗತರಾದದ್ದೂ ಬೆಂಗಳೂರಿನಲ್ಲಿಯೇ. ಇಂದು ಮೈಸೂರು, ಕರ್ನಾಟಕ, ಬೆಂಗಳೂರು ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗಗಳಿವೆ.

ರಂಗನಾಥನ್ನರ ಸೂತ್ರಗಳ ತಾತ್ಪರ್ಯವಿಷ್ಟು: ಗ್ರಂಥವಿರುವುದು ಬಳಕೆಗೆ, ಬಚ್ಚಿಡುವುದಕ್ಕಲ್ಲ; ಓದುಗನಾದ ಪ್ರತಿಯೊಬ್ಬನಿಗೂ ಅವನ ಗ್ರಂಥ ಸಿಗಬೇಕು, ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗ ದೊರೆಯಬೇಕು; ಓದುಗನ ಕಾಲ ವ್ಯರ್ಥವಾಗಬಾರದು; ಗ್ರಂಥಾಲಯವು ಜೀವಂತ ಶರೀರದಂತೆ ಬೆಳೆಯುತ್ತಿರಬೇಕು. ಶರಣರ ಪರಿಭಾಷೆಯನ್ನು ಬಲ್ಲವರಿಗೆ ಇದರ ಅಂತರಂಗ ಅಪರಿಚಿತವಲ್ಲ. ಸಂಗ್ರಹಿಸಿ, ಶೋಧಿಸಿ, ಅಣಿಗೊಳಿಸುವ ಶ್ರಮ ಕಾಯಕ. ಹಾಗೆ ಅಣಿಗೊಳಿಸಿದ್ದನ್ನು ಭೇದವೆಣಿಸದೆ ಬಂದವರ ಮುಂದಿಡುವುದು ದಾಸೋಹ. ಒಂದಿಲ್ಲದೆ ಮತ್ತೊಂದು ಪೂರ್ಣವಾಗದು.

ಈ ಧ್ಯೇಯ ಸಾಧನೆಗೆ ವಿದ್ಯಾರ್ಥಿಯು ಕಲಿಯಬೇಕಾದುದು ಮುಖ್ಯವಾಗಿ ಐದು ಬಗೆಯದು.

ಮೊದಲನೆಯದು ವರ್ಗೀಕರಣ. ವಚನಗಳ ಸಂಪುಟವನ್ನು ಎಲ್ಲಿ ಇಡಬೇಕು? ಡ್ಯೂಯಿಯವರ ಪದ್ಧತಿಯಲ್ಲಿ ಧರ್ಮಕ್ಕೆ 200ರ ವರ್ಗ, ಸಾಹಿತ್ಯಕ್ಕೆ 800ರ ವರ್ಗ. ಭಕ್ತನು ಮೊದಲನೆಯದರಲ್ಲಿ ಹುಡುಕುತ್ತಾನೆ, ಸಾಹಿತ್ಯದ ವಿದ್ಯಾರ್ಥಿಯು ಎರಡನೆಯದರಲ್ಲಿ. ಗ್ರಂಥಕ್ಕೆ ಸ್ಥಾನ ಒಂದೇ. ಅದರ ಅರ್ಥಕ್ಕೆ ಮುಖಗಳು ಹಲವು. ಈ ಇಕ್ಕಟ್ಟನ್ನು ವಿವೇಕದಿಂದ ಬಿಡಿಸುವುದನ್ನು ಅವನು ಕಲಿಯಬೇಕು.

ಎರಡನೆಯದು ಸೂಚೀಕರಣ. ಕಪಾಟಿನಲ್ಲಿ ಗ್ರಂಥವು ಒಂದೇ ಕಡೆ ಇದ್ದರೂ ಸೂಚಿಯಲ್ಲಿ ಅದಕ್ಕೆ ಹಲವು ಬಾಗಿಲುಗಳಿರಬಹುದು. ವಚನಕಾರರ ವಿಷಯದಲ್ಲಿ ಹೆಸರೊಂದೇ ಸಾಲದು. ಅಂಕಿತವೂ ಒಂದು ಬಾಗಿಲಾಗಬೇಕು. ಆಯ್ದಕ್ಕಿ ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಅವನ ಸತಿ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಸೂಚಿಕಾರನು ಮೊದಲ ಪದವನ್ನು ಕೈಬಿಟ್ಟರೆ ಪತ್ನಿಯ ವಚನ ಪತಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಒಂದು ಪದದ ಅಲಕ್ಷ್ಯದಿಂದ ಒಬ್ಬ ಶರಣೆಯ ವಾಣಿಯೇ ಮರೆಯಾಗಬಹುದು.

ಮೂರನೆಯದು ಪರಾಮರ್ಶನ ಸೇವೆ, ಎಂದರೆ ಓದುಗನು ಕೇಳಿದ ಮಾತಿನ ಹಿಂದಿರುವ ನಿಜವಾದ ಅಗತ್ಯವನ್ನರಿತು ದಾರಿ ತೋರುವುದು. ನಾಲ್ಕನೆಯದು ಸಂರಕ್ಷಣೆ. ಕಾಗದದ ಆಮ್ಲ, ಓಲೆಗರಿಯ ಹುಳು, ತೇವ, ಧೂಳು ಇವುಗಳ ಸ್ವರೂಪವನ್ನೂ ನಿವಾರಣೆಯನ್ನೂ ಅವನು ತಿಳಿದಿರಬೇಕು. ಐದನೆಯದು ವೃತ್ತಿಧರ್ಮ. ತನಗೆ ಒಪ್ಪಿಗೆಯಾಗದ ಮತವನ್ನು ಪ್ರತಿಪಾದಿಸುವ ಗ್ರಂಥವನ್ನೂ ಆದರದಿಂದ ಕಾಪಾಡುವುದು, ಯಾರು ಏನನ್ನು ಓದಿದರೆಂಬುದನ್ನು ಹೊರಗೆಡಹದಿರುವುದು ಇದರ ಮುಖ್ಯಾಂಶಗಳು. ಮಠಗಳ ಗ್ರಂಥಭಂಡಾರಗಳಿಗೂ ಈ ನಿಯಮ ಅನ್ವಯಿಸತಕ್ಕದ್ದೇ. ನಮ್ಮನ್ನು ಹೊಗಳುವ ಗ್ರಂಥಗಳನ್ನಷ್ಟೇ ಇಟ್ಟುಕೊಂಡ ಭಂಡಾರದಲ್ಲಿ ಜಿಜ್ಞಾಸೆಗೆ ಎಡೆಯಿರದು.

ಈಗ ಗಣಕಯಂತ್ರದ ಬಳಕೆಯೂ ಪಾಠಕ್ರಮದ ಅವಿಭಾಜ್ಯ ಅಂಗವಾಗಿದೆ. ಇದರಿಂದ ಸೂಚಿಯ ಕೆಲಸವೇ ಬೇಡವಾಯಿತೆಂದು ಕೆಲವರು ಭಾವಿಸುತ್ತಾರೆ. ವಸ್ತುಸ್ಥಿತಿ ಅದಕ್ಕೆ ವಿರುದ್ಧವಾಗಿದೆ. ಒಂದು ಓಲೆಕಟ್ಟಿನ ಇನ್ನೂರು ಗರಿಗಳ ಛಾಯಾಪ್ರತಿಯನ್ನು ತೆಗೆದಿಟ್ಟರೆ ನಮಗೆ ದಕ್ಕುವುದು ಇನ್ನೂರು ಚಿತ್ರಗಳು ಮಾತ್ರ. ಕೃತಿ ಯಾವುದು, ಕರ್ತೃ ಯಾರು, ಲಿಪಿಕಾರ ಯಾರು, ಯಾವ ಗರಿ ಲುಪ್ತವಾಗಿದೆ ಎಂಬುದನ್ನು ಓದಬಲ್ಲವನೊಬ್ಬನು ಓದಿ ಬರೆದಿಟ್ಟಾಗಲೇ ಅವು ಗ್ರಂಥವಾಗುತ್ತವೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಪ್ರತಿಯ ಮಹತ್ವ ಬೆಳಕಿಗೆ ಬಂದದ್ದು 1905ರಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಗುರುತಿಸಿದ್ದರಿಂದ. 1909ರಲ್ಲಿ ಅವರು ಅದನ್ನು ಮುದ್ರಿಸಿ ಲೋಕಕ್ಕಿತ್ತರು.

ಪ್ರಸ್ತುತ ಶಿಕ್ಷಣದಲ್ಲಿ ಗಮನಿಸಬೇಕಾದ ಕೊರತೆಯೂ ಇಲ್ಲಿಯೇ ಇದೆ. ಹಸ್ತಪ್ರತಿಶಾಸ್ತ್ರವನ್ನು ಪ್ರಧಾನವಾಗಿ ಕನ್ನಡ ಮತ್ತು ಸಂಸ್ಕೃತ ಅಧ್ಯಯನದ ವಿದ್ಯಾರ್ಥಿಗಳು ಓದುತ್ತಾರೆ; ಸೂಚೀಕರಣವನ್ನು ಗ್ರಂಥಾಲಯ ವಿಭಾಗದವರು ಓದುತ್ತಾರೆ. ಓಲೆಯನ್ನು ಓದಬಲ್ಲವನಿಗೆ ಸೂಚಿಯ ಶಿಸ್ತು ತಿಳಿಯದು, ಸೂಚಿಯ ಶಿಸ್ತನ್ನು ಬಲ್ಲವನಿಗೆ ಓಲೆಯ ಅಕ್ಷರ ತಿಳಿಯದು. ಇವೆರಡೂ ಒಬ್ಬನಲ್ಲಿಯೇ ಕೂಡುವಂತೆ ಪಾಠಕ್ರಮವನ್ನು ವಿಸ್ತರಿಸುವುದು ಕನ್ನಡ ನಾಡಿನ ವಿಶ್ವವಿದ್ಯಾಲಯಗಳ ವಿಶೇಷ ಹೊಣೆ.

ವಿಜಯಪುರದ ಫ. ಗು. ಹಳಕಟ್ಟಿಯವರು ವಕೀಲ ವೃತ್ತಿಯವರು. ಊರೂರು ಅಲೆದು ಓಲೆಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅನಂತರದ ವಿದ್ವಾಂಸರ ಶ್ರಮವೂ ಕೂಡಿ, 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಹೊರತರುವಂತಾಯಿತು. ಆದರೂ ಜಗುಲಿಯ ಮೇಲೆ ಪೂಜೆಗೊಳ್ಳುತ್ತ, ಅಟ್ಟದ ಮೇಲೆ ಧೂಳು ಹಿಡಿಯುತ್ತ ಇರುವ ಕಟ್ಟುಗಳ ಕೆಲಸ ಮುಗಿದಿಲ್ಲ. ಪೂಜೆಗೊಂಡ ಓಲೆಗೂ ಹುಳು ಹಿಡಿಯುತ್ತದೆ. ಗಂಧ ವಿಭೂತಿಗಳು ಅದನ್ನು ತಡೆಯಲಾರವು.

ಆದಕಾರಣ ಗ್ರಂಥಭಂಡಾರವುಳ್ಳ ಪ್ರತಿಯೊಂದು ಮಠವೂ ತನ್ನ ಆಶ್ರಯದಲ್ಲಿ ಓದುತ್ತಿರುವ ಒಬ್ಬ ತರುಣನನ್ನೋ ತರುಣಿಯನ್ನೋ ಈ ಶಿಕ್ಷಣಕ್ಕೆ ಕಳುಹಿಸಿ, ಮರಳಿ ಬಂದ ಮೇಲೆ ಭಂಡಾರದ ಬೀಗದ ಕೈಯನ್ನು ಅವರಿಗೆ ಒಪ್ಪಿಸುವುದು ಉಚಿತ. ವಿಶ್ವವಿದ್ಯಾಲಯವು ವಿದ್ಯೆಯನ್ನು ಕೊಡಬಲ್ಲುದು. ಬಾಗಿಲನ್ನು ತೆರೆಯಬೇಕಾದವರು ನಾವೇ.