ದಂಡೆಗೆ ಅಪ್ಪಳಿಸುವ ಅಲೆಯ ಒಳಗಿನಿಂದ

ಹವಾಯಿಯ ಒವಾಹು ದ್ವೀಪದ ಉತ್ತರ ತೀರದಲ್ಲಿ ವೈಮಿಯಾ ಕೊಲ್ಲಿ ಇದೆ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಇಲ್ಲಿಗೆ ಬರುತ್ತವೆ. ಅಗ್ನಿಪರ್ವತದಿಂದ ಎದ್ದ ದ್ವೀಪವಿದು. ಅಲೆಯ ಕಸುವು ಇಳಿಸುವಂಥ ಅಗಲವಾದ, ಆಳವಿಲ್ಲದ ಕಡಲತಳ ಸುತ್ತಲೂ ಇಲ್ಲ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆಯ ಬುಡ ನಿಧಾನವಾಗುತ್ತದೆ, ತಲೆ ಮುಂದೆ ಓಡಿ ಮಗುಚುತ್ತದೆ. ಇಳಿಜಾರು ಮೆಲ್ಲಗಿರುವ ದಂಡೆಯಲ್ಲಾದರೆ ಇದು ದೂರದಲ್ಲೇ ನಡೆದು, ಕಾಲಿಗೆ ತಾಗುವುದು ಬರೀ ನೊರೆ. ವೈಮಿಯಾದ ದಂಡೆ ಕಡಿದು. ಹಾಗಾಗಿ ಆಳೆತ್ತರ ಮೀರಿದ ನೀರಿನ ಗೋಡೆ ಮರಳಿನ ಮೇಲೆಯೇ ಬಂದು ಬೀಳುತ್ತದೆ. ಸರ್ಫಿಂಗ್ ಮಾಡುವವರು ಇದನ್ನು ಶೋರ್‌ಬ್ರೇಕ್ ಎನ್ನುತ್ತಾರೆ. ಹವಾಯಿಯಲ್ಲಿ ಇಂಥ ಅಲೆಗೆ ಸಿಕ್ಕಿ ಕುತ್ತಿಗೆ, ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು ಬಹಳ ಮಂದಿ.

ಛಾಯಾಗ್ರಾಹಕ ಕ್ಲಾರ್ಕ್ ಲಿಟಲ್ ಕ್ಯಾಮೆರಾ ಹಿಡಿದು ನಿಲ್ಲುವುದು ಸರಿಯಾಗಿ ಅಲ್ಲೇ.

1968ರಲ್ಲಿ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಹುಟ್ಟಿದ ಲಿಟಲ್, ಎಳೆಯ ಮಗುವಾಗಿದ್ದಾಗಲೇ ಒವಾಹುಗೆ ಬಂದವರು. ಅಣ್ಣ ಬ್ರಾಕ್ ಲಿಟಲ್ ದೈತ್ಯ ಅಲೆಗಳ ಸವಾರರಾಗಿದ್ದರು. 1990ರ ಎಡ್ಡೀ ಐಕಾವ್ ಸರ್ಫಿಂಗ್ ಸ್ಪರ್ಧೆಯಲ್ಲಿ ಇದೇ ಕೊಲ್ಲಿಯಲ್ಲಿ ಅವರು ತೋರಿದ ಧೈರ್ಯವನ್ನು ಇಂದಿಗೂ ನೆನೆಯುವವರಿದ್ದಾರೆ. ತಮ್ಮನ ಹುಚ್ಚು ಬೇರೆ. ಮಿಕ್ಕವರು ದೂರ ಇಡುತ್ತಿದ್ದ ಶೋರ್‌ಬ್ರೇಕ್‌ ಮೇಲೆಯೇ ಹಲಗೆ ಏರುವುದು. ಅಲ್ಲಿ ಸವಾರಿ ಎಂದರೆ ಒಂದೆರಡು ಸೆಕೆಂಡು, ಆಮೇಲೆ ಮರಳಿಗೆ ಬಡಿಸಿಕೊಳ್ಳುವುದು. ಹೊಟ್ಟೆಪಾಡಿಗೆ ಸಸ್ಯೋದ್ಯಾನದಲ್ಲಿ ಮೇಲ್ವಿಚಾರಕನ ಕೆಲಸ.

2007ರಲ್ಲಿ ಹೆಂಡತಿಗೆ ಮಲಗುವ ಕೋಣೆಯ ಗೋಡೆಗೊಂದು ಚಿತ್ರ ಬೇಕೆನಿಸಿತು. ನಾನೇ ತೆಗೆದು ಕೊಡುತ್ತೇನೆಂದು ಲಿಟಲ್ ಕ್ಯಾಮೆರಾ ಹಿಡಿದು ಅಲೆಗೆ ಇಳಿದರು. ಆಗ ಅವರಿಗೆ ನಲವತ್ತರ ಹತ್ತಿರ. ಮುಂದೆ ಉದ್ಯಾನದ ಕೆಲಸ ಬಿಟ್ಟರು, ಹಲೇಯಿವಾ ಊರಿನಲ್ಲಿ ಗ್ಯಾಲರಿ ತೆರೆದರು, ಪುಸ್ತಕಗಳು ಬಂದವು. ಈ ಕತೆ ಹೇಳುವವರೆಲ್ಲ ಗೋಡೆಯ ಚಿತ್ರದ ಬಳಿ ನಿಂತು ಅದೃಷ್ಟ ಎಂದುಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಕ್ಯಾಮೆರಾ ಯಾರ ಕೈಗಾದರೂ ಬರಬಹುದಿತ್ತು. ಅಲೆ ಯಾವ ಗಳಿಗೆಯಲ್ಲಿ ಬಾಯಿ ತೆರೆಯುತ್ತದೆ, ಮುಚ್ಚುವ ಮೊದಲು ಯಾವ ಕಡೆ ಮುಳುಗಿದರೆ ಬದುಕಬಹುದು ಎಂಬುದು ಮಾತ್ರ ವರ್ಷಗಟ್ಟಲೆ ಏಟು ತಿಂದ ಮೈಗೇ ಗೊತ್ತು.

ತೆಗೆಯುವ ಕ್ರಮ ನೋಡಿದರೆ ಇದು ತಿಳಿಯುತ್ತದೆ. ನೀರು ಹೊಗದ ಕವಚದೊಳಗಿನ ಕ್ಯಾಮೆರಾವನ್ನು ತೋಳು ಚಾಚಿ ಹಿಡಿಯುತ್ತಾರೆ. ಕಿಂಡಿಗೆ ಕಣ್ಣಿಟ್ಟು ಚೌಕಟ್ಟು ಹೊಂದಿಸಲು ಪುರಸೊತ್ತಿಲ್ಲ. ಅಗಲ ನೋಟದ ಲೆನ್ಸು, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಸಮೀಪದ ಶಟರ್ ವೇಗ, ಒಂದೇ ಸಮ ಕ್ಲಿಕ್ಕು. ನೀರಿನ ಸುರಂಗದೊಳಗಿಂದ ಆಚೆಗೆ ತೆಂಗಿನ ಮರ, ಬೆಳಗಿನ ಸೂರ್ಯ ಕಾಣುತ್ತವೆ.

ಅವರ ಹೆಸರುವಾಸಿ ನೀಲಿ ಚಿತ್ರಗಳಲ್ಲಿ ಕೆಲವು ನನಗೆ ಕ್ಯಾಲೆಂಡರಿನಷ್ಟು ಸಿಹಿ. ದಂಡೆಯ ಮರಳನ್ನೇ ಹೀರಿಕೊಂಡು ಕಂದಾಗಿ, ಒರಟಾಗಿ ಏಳುವ ಅಲೆಗಳ ಚಿತ್ರಗಳೇ ಹೆಚ್ಚು ಮೆಚ್ಚುಗೆ. ಅಲ್ಲಿ ಅಂದಕ್ಕಿಂತ ತೂಕ ಕಾಣುತ್ತದೆ: ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗಿಂತ ತುಸು ಹೆಚ್ಚೇ ತೂಗುತ್ತದೆ, ಅಂಥ ಎಷ್ಟೋ ಟನ್ನು ಆ ಕ್ಷಣದಲ್ಲಿ ಅವರ ತಲೆಯ ಮೇಲಿದೆ.